ನಾಪೋಕ್ಲಿನ ಅಳತೆಗಂಬದವರೆಗೆ

ಮೈಸೂರಿನಿಂದ ಮಡಿಕೇರಿಗೆ ಹೋಗುವ ಬೆಳಗಿನ ಬಸ್ಸು ಆರೂವರೆಗೆ ಹೊರಡಬೇಕಾಗಿತ್ತು. ಡ್ರೈವರನ ಎರಡನೇ ಕಾಫಿ ಮುಗಿಯುವ ಹೊತ್ತಿಗೆ ಏಳೂಕಾಲಾಯಿತು. ನನ್ನ ಬಳಿ ಒಂದು ಕೊಡೆ, ಒಂದು ಕಂಬಳಿ, ಹೆಂಡತಿ ಕಟ್ಟಿಕೊಟ್ಟ ಚಿತ್ರಾನ್ನದ ಪೊಟ್ಟಣ ಮತ್ತು ಕೆಂಪು ದಾರದ ಒಂದು ಫೈಲು ಇದ್ದವು. ಕುಶಾಲನಗರಕ್ಕೆ ಐವತ್ತೈದು ಮೈಲಿ, ಟಿಕೆಟ್ಟು ಎರಡು ರೂಪಾಯಿಗೆ ತುಸು ಕಡಿಮೆ. ಹುಣಸೂರು ದಾಟುವ ಮೊದಲೇ ಚಿತ್ರಾನ್ನ ಖಾಲಿ ಮಾಡಿದೆ. ಹಸಿವಾಗಿತ್ತೆಂದಲ್ಲ, ಮುಂದಿನ ಕೆಲಸ ನೆನೆದು ಬೇಜಾರಾಗಿತ್ತು. ಬೇಜಾರಾದಾಗ ತಿನ್ನುವುದು ನನ್ನ ಹಳೆಯ ಚಾಳಿ.

ಕೊಡಗು ನಮ್ಮ ರಾಜ್ಯಕ್ಕೆ ಸೇರಿ ಆಗಿನ್ನೂ ಕೆಲವೇ ವರ್ಷಗಳಾಗಿದ್ದವು. ಮಳೆಗಾಲದಲ್ಲಿ ಕಾವೇರಿ ಎಷ್ಟು ಏರಿತೆಂದು ಕೆಳಗಿನವರಿಗೆ ಮುಂಚೆಯೇ ತಿಳಿಯಲಿ ಎಂದು ನಮ್ಮ ಕಚೇರಿಯವರು ಹೊಳೆಯ ಉದ್ದಕ್ಕೂ ಮೂರು ಕಡೆ ಮೂವರನ್ನು ನೇಮಿಸಿದ್ದರು. ಮೇಲೆ ನಾಪೋಕ್ಲಿನಲ್ಲಿ ಒಬ್ಬ, ನಡುವೆ ಸಿದ್ದಾಪುರದ ಎಸ್ಟೇಟಿನಲ್ಲಿ ಒಬ್ಬ, ಕೆಳಗೆ ಕುಶಾಲನಗರದಲ್ಲಿ ಒಬ್ಬ. ನಾಪೋಕ್ಲಿನವನು ಹೊಳೆದಂಡೆಯ ಅಳತೆಗಂಬ ನೋಡಿ ಎಷ್ಟು ಅಡಿ ನೀರಿದೆಯೆಂದು ಫೋನಿನಲ್ಲಿ ಹೇಳಬೇಕು. ಅವನ ದನಿ ಕುಶಾಲನಗರದವರೆಗೆ ಕೇಳಿಸದು. ಆದ್ದರಿಂದ ಸಿದ್ದಾಪುರದವನು ಅದನ್ನು ಕೇಳಿ ಮುಂದಕ್ಕೆ ಕೂಗಬೇಕು. ಕಂಬದಲ್ಲಿ ಹತ್ತು ಅಡಿಯ ಕೆಂಪು ಗೆರೆ ಮುಟ್ಟಿತೆಂದರೆ ಕುಶಾಲನಗರದ ದಡದ ಮೂವತ್ತು ಮನೆಗಳವರು ಗಂಟುಮೂಟೆ ಕಟ್ಟಿ ದಿಬ್ಬಕ್ಕೆ ಹೋಗಬೇಕು. ಮೇಲಿನ ನೀರು ಕೆಳಗೆ ಮುಟ್ಟಲು ಹೆಚ್ಚುಕಡಿಮೆ ಒಂದು ಹಗಲು ಹಿಡಿಯುತ್ತಿತ್ತು. ಇದಕ್ಕೆ ಕಚೇರಿಯಲ್ಲಿ ನಾವು ಇಟ್ಟ ಹೆಸರು ‘ಸರಪಳಿ’.

ಆ ಸರಪಳಿ ಹಿಂದಿನ ತಿಂಗಳು ಕೈಕೊಟ್ಟಿತ್ತು. ಹತ್ತು ಅಡಿ ಎಂಬ ಸುದ್ದಿ ಬಂದು ಮೂವತ್ತು ಮನೆಯವರೂ ಮಳೆಯಲ್ಲಿ ದಿಬ್ಬ ಹತ್ತಿದರು. ಎರಡು ದಿನ ಕಾದರೂ ನೀರು ಬರಲಿಲ್ಲ. ಯಾರು ಸುಳ್ಳು ಹೇಳಿದರೆಂದು ವಿಚಾರಿಸಿ, ಅವನ ಅಳತೆ ಪುಸ್ತಕ ಕಿತ್ತುಕೊಂಡು ಬರಬೇಕೆಂದು ನನಗೆ ಅಪ್ಪಣೆಯಾಗಿತ್ತು. ಯಾರೆಂದು ಗೊತ್ತಾಗದಿದ್ದರೆ ಮೂರು ಪುಸ್ತಕಗಳನ್ನೂ ತಂದು ಸರಪಳಿಯನ್ನೇ ಮುಚ್ಚುವುದೆಂದು ನಮ್ಮ ದೊಡ್ಡ ಸಾಹೇಬರು ಹೇಳಿದ್ದರು. ಫೈಲಿನ ಮೊದಲ ಹಾಳೆಯಲ್ಲಿ ಒಂದು ಕಾಲಂ ಇತ್ತು: ‘ತಪ್ಪಿತಸ್ಥನ ಹೆಸರು’.

ಪಿರಿಯಾಪಟ್ಟಣ ದಾಟಿದ ಮೇಲೆ ಮಳೆ ಹಿಡಿಯಿತು. ಬಸ್ಸಿನ ಮಾಡು ಸೋರುತ್ತಿದ್ದುದರಿಂದ ಒಳಗೇ ಕೊಡೆ ಬಿಚ್ಚಿಕೊಂಡು ಕುಳಿತೆ. ಪಕ್ಕದ ಹೆಂಗಸು ನನ್ನನ್ನು ಕೇಳದೆ ತನ್ನ ಬುಟ್ಟಿಯನ್ನೂ ಅದರಡಿಗೆ ಸರಿಸಿದಳು. ಬುಟ್ಟಿಯಲ್ಲೊಂದು ಕೋಳಿ ಇತ್ತು. ಕುಶಾಲನಗರದವರೆಗೆ ನಾವು ಮೂವರೂ ಒಂದೇ ಕೊಡೆಯಲ್ಲಿ ಬಂದೆವು.

ಕುಶಾಲನಗರದ ಕೊಂಡಿ ಜವರೇಗೌಡ. ಹಾಸನದ ಕಡೆಯಿಂದ ಬಂದು ಹೊಳೆಯ ದಡದಲ್ಲಿ ನೆಲೆನಿಂತ ರೈತ. ಮಳೆಗಾಲದಲ್ಲಿ ಮರದ ಮಿಲ್ಲಿನ ಆಫೀಸಿನಲ್ಲಿ ಕುಳಿತು ಫೋನು ಕೇಳುವುದು ಅವನ ಕೆಲಸ. ನಾನು ಬಂದ ಕಾರಣ ಹೇಳುತ್ತಲೇ ಪುಸ್ತಕ ತೆರೆದು ಬೆರಳಿಟ್ಟು ತೋರಿಸಿದ. ಅಂಕಿ ಹತ್ತು, ಗುಂಡಗೆ ಸ್ಪಷ್ಟವಾಗಿತ್ತು.

“ಅತ್ತಡಿ ಅಂದ್ರು ಸ್ವಾಮಿ. ಎರಡ್ ದಪ ಕೇಳ್ದೆ, ಎರಡ್ ದಪನೂ ಅದನ್ನೇ ಯೋಳುದ್ರು. ನನ್ ಮಕ್ಕಳಾಣೆ.”

ಅವನ ಹೆಂಡತಿ ಸಣ್ಣಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ದಿಬ್ಬ ಹತ್ತುವಾಗ ಅವಳ ದೊಡ್ಡ ಮಡಕೆ ಒಡೆದಿತ್ತು, ಎರಡು ಕೋಳಿ ಚಳಿಗೆ ಸತ್ತಿದ್ದವು. ಊರವರೆಲ್ಲ ವಾರಗಟ್ಟಲೆ ಗೇಲಿ ಮಾಡಿದ್ದರು. “ಇನ್ನೊಂದ್ ಸಲ ಅತ್ತಡಿ ಅಲ್ಲ, ಇಪ್ಪತ್ತಡಿ ಅಂದ್ರೂ ಈ ದಡದೋರು ಯಾರೂ ಕದಲಕ್ಕಿಲ್ಲ, ಬರ್ಕೊಳಿ” ಎಂದಳು. ನಾನು ಬರೆದುಕೊಳ್ಳಲಿಲ್ಲ. ಆದರೆ ಅವಳ ಹಿಂದೆ ತಗ್ಗಿನಲ್ಲಿ ಮಣ್ಣುಗೋಡೆಯ ಮನೆಗಳ ಸಾಲು, ಅದರಾಚೆ ಕೆಂಪಗೆ ಹರಿಯುತ್ತಿದ್ದ ಹೊಳೆ ಎರಡೂ ಒಟ್ಟಿಗೇ ಕಣ್ಣಿಗೆ ಬಿದ್ದು ನನಗೆ ಹೆದರಿಕೆಯಾಯಿತು. ಮುಂದಿನ ಸಲ ನಿಜವಾಗಿಯೂ ನೀರು ಬಂದರೆ ಇವರು ಇಲ್ಲೇ ಕುಳಿತಿರುತ್ತಾರಲ್ಲ ಎಂದುಕೊಂಡೆ.

ಮರುದಿನ ಸಿದ್ದಾಪುರಕ್ಕೆ ಹದಿನೈದು ಮೈಲಿ ಬಸ್ಸು. ಒಳಗೆ ಎಸ್ಟೇಟಿನ ಆಳುಗಳು ತುಂಬಿದ್ದರು. ಒಂದು ಬೆಂಚಿನಲ್ಲಿ ತಮಿಳು, ಇನ್ನೊಂದರಲ್ಲಿ ಮಲಯಾಳ, ಹಿಂದೆ ಯಾರೋ ಅರೆಭಾಷೆಯಲ್ಲಿ ಎಮ್ಮೆಯ ವ್ಯಾಪಾರ ಮಾಡುತ್ತಿದ್ದರು. ಜಗಳ ಬಂದಾಗ ಮಾತ್ರ ಎಲ್ಲರೂ ಕನ್ನಡಕ್ಕೆ ಬರುತ್ತಿದ್ದರು. ಎಸ್ಟೇಟಿನ ಗೇಟಿನಲ್ಲಿ ಇಳಿದು ಕಾಲು ಮೈಲಿ ನಡೆಯುವಷ್ಟರಲ್ಲಿ ನನ್ನ ಕಾಲಿಗೆ ಐದು ಜಿಗಣೆ ಹತ್ತಿದ್ದವು.

ಅವುಗಳಿಗೆ ಸುಣ್ಣ ಮುಟ್ಟಿಸಿ ಕಿತ್ತವನು ಗೋವಿಂದನ್, ಆ ಎಸ್ಟೇಟಿನ ರೈಟರ್. ಆಳುಗಳ ಹಾಜರಿ, ಮಳೆಯ ಲೆಕ್ಕ, ಫೋನು ಎಲ್ಲ ಅವನದೇ. ಕೇರಳದ ಕಡೆಯವನು. ಇಸ್ತ್ರಿ ಮಾಡಿದ ಅಂಗಿ ಹಾಕಿ, ಅದರ ಮೇಲೆ ಗೋಣಿಚೀಲ ಹೊದ್ದುಕೊಂಡಿದ್ದ. ಅವನ ಪುಸ್ತಕದಲ್ಲಿ ಆ ದಿನದ ಅಂಕಿ ಎಂಟು.

“ನಾಪೋಕ್ಲಿನ ಪೂವಯ್ಯ ಸಾರ್ ನಂಗೆ ಎಂಟು ಅಂದ್ರು. ನಾನು ಜವರೇಗೌಡ್ರಿಗೆ ಎಂಟು ಅಂದೆ. ಅವ್ರು ಹತ್ತು ಬರ್ಕೊಂಡ್ರೆ ನಾನೇನು ಮಾಡೋದು ಸಾರ್?” ಎಂದು ಕೇಳಿ, ಬೇಸರಪಟ್ಟುಕೊಂಡೇ ಒಳ್ಳೆಯ ಕಾಫಿ ಕೊಟ್ಟ. ಅವನ ಮುಖ ನೋಡಿದರೆ ಸುಳ್ಳುಗಾರನ ಹಾಗೆ ಕಾಣಲಿಲ್ಲ. ಜವರೇಗೌಡನ ಮುಖವೂ ಹಾಗೆ ಕಂಡಿರಲಿಲ್ಲ. ಹೀಗಾದರೆ ವಿಚಾರಣೆ ಮಾಡುವವನ ಗತಿಯೇನು!

ಎರಡು ಬಸ್ಸು ಬದಲಾಯಿಸಿ, ಒಂದು ಕಡೆ ರಸ್ತೆಗೆ ಬಿದ್ದ ಮರವನ್ನು ಪ್ರಯಾಣಿಕರೇ ಇಳಿದು ಎಳೆದು, ಸಂಜೆ ನಾಪೋಕ್ಲು ಮುಟ್ಟಿದೆ. ಗದ್ದೆಗಳಲ್ಲಿ ನಾಟಿ ನಡೆಯುತ್ತಿತ್ತು. ಹೆಂಗಸರು ಬೆನ್ನಿಗೆ ಮಳೆ ತಡೆಯುವ ಗೊರಗ ಹಾಕಿಕೊಂಡು ಬಗ್ಗಿದ್ದರು. ಬಸ್ಸಿನ ಬಳಿ ನನ್ನನ್ನು ಕಾಯುತ್ತಿದ್ದ ಪೂವಯ್ಯನವರಿಗೆ ಅರವತ್ತರ ಹತ್ತಿರ ವಯಸ್ಸು. ಯುದ್ಧಕಾಲದಲ್ಲಿ ಸೈನ್ಯದಲ್ಲಿ ವೈರ್‌ಲೆಸ್ ಸಂದೇಶ ಕಳಿಸುವ ಹವಾಲ್ದಾರರಾಗಿದ್ದವರು. ಮೀಸೆ ಇನ್ನೂ ಡ್ಯೂಟಿಯಲ್ಲಿದ್ದಂತಿತ್ತು. ಮನೆಗೆ ಹೋದವರೇ ಮೇಣಬಟ್ಟೆಯಲ್ಲಿ ಸುತ್ತಿಟ್ಟಿದ್ದ ಅಳತೆ ಪುಸ್ತಕವನ್ನು ತಂದು ನನ್ನ ಮುಂದಿಟ್ಟರು. ಅದರಲ್ಲೂ ಅಂಕಿ ಎಂಟೇ.

“ತಗೊಂಡು ಹೋಗಿ ಮಾರಾಯ್ರೆ. ಬರ್ಮಾದಲ್ಲಿ ಮೂರು ವರ್ಷ ಮೆಸೇಜ್ ಕಳಿಸಿದ್ದೇನೆ, ಒಂದು ಅಕ್ಷರ ತಪ್ಪಿಲ್ಲ. ಈಗ ಬಸ್ಸಿನಲ್ಲಿ ಜನ ನನ್ನ ನೋಡಿ ‘ಹತ್ತಡಿ ಪೂವಯ್ಯ’ ಅಂತ ನಗ್ತಾರೆ. ನಗಲಿ. ಆದರೆ ಆ ಕೆಳಗಿನವರು ಇನ್ನು ನನ್ನ ಮಾತು ನಂಬೋದಿಲ್ಲವಲ್ಲ, ಅದು ನಿದ್ದೆ ಕೆಡಿಸ್ತದೆ” ಎಂದರು. ಪುಸ್ತಕ ಮುಟ್ಟಲು ನನಗೆ ಕೈ ಬರಲಿಲ್ಲ. ನಾಳೆ ನೋಡೋಣವೆಂದೆ.

ಮರುದಿನ ಬೆಳಗ್ಗೆ ಅವರೊಡನೆ ಹೊಳೆಗೆ ಹೋಗಿ ಅಳತೆಗಂಬ ನೋಡಿದೆ. ನೀರು ಆರು ಅಡಿಯಲ್ಲಿತ್ತು. ಅಡಿಗಳ ಗೆರೆಗಳಿಗೆ ಪ್ರತಿವರ್ಷ ತಾವೇ ಬಣ್ಣ ಬಳಿಯುವುದಾಗಿ ಹೇಳಿ, ಕಂಬಕ್ಕೆ ಸಿಕ್ಕಿಕೊಂಡಿದ್ದ ಹುಲ್ಲನ್ನು ಉದ್ದ ಕೋಲಿನಿಂದ ಬಿಡಿಸಿದರು. ಕರುವಿನ ಮೈ ಉಜ್ಜುವವರ ಅಕ್ಕರೆ ಅದರಲ್ಲಿತ್ತು.

ಮಧ್ಯಾಹ್ನ ಅವರ ಹೆಂಡತಿ ಮುತ್ತವ್ವ ಕಡಂಬುಟ್ಟು ಮಾಡಿದ್ದರು. ಅಕ್ಕಿತರಿಯ ಉಂಡೆಗಳು, ಬಿಸಿ ಆರುವ ಮೊದಲೇ ತಿನ್ನಬೇಕು. ನಾನು ಮಾಂಸ ತಿನ್ನುವುದಿಲ್ಲವೆಂದು ಕಳಲೆಯ ಸಾರು ಬೇರೆ ಮಾಡಿದ್ದರು. ನನಗೋ ಬೇಜಾರು, ಬೇಜಾರಿಗೆ ನಾನು ಮಾಡುವುದೇನೆಂದು ಮೊದಲೇ ಹೇಳಿದ್ದೇನೆ. ಹಂಚಿನ ಮೇಲೆ ಮಳೆ ಧೋ ಎನ್ನುತ್ತಿತ್ತು. ಕೊನೆಗೆ ಎಲೆಯಿಂದ ಕೈ ಎತ್ತಿದಾಗ ಮುತ್ತವ್ವ ಅಡುಗೆಮನೆಯ ಬಾಗಿಲಿನಿಂದ ಗಂಡನಿಗೆ ಕೊಡವ ಭಾಷೆಯಲ್ಲಿ ನಗುತ್ತ ಏನೋ ಹೇಳಿದರು. ನನಗೆ ಕೇಳಿಸಿದ್ದು ‘ಅತ್ತು’ ಎಂಬ ಒಂದೇ ಮಾತು.

ನಾನು ನಾಚಿಕೊಂಡು, “ಇಲ್ಲಮ್ಮ, ಹತ್ತು ತಿಂದಿಲ್ಲ. ಎಣಿಸಿಕೊಂಡೇ ತಿಂದದ್ದು, ಎಂಟೇ ಎಂಟು” ಎಂದೆ.

ಮುತ್ತವ್ವ ಕಣ್ಣರಳಿಸಿದರು. “ನಾನು ಹೇಳಿದ್ದೂ ಎಂಟೇ ಅಲ್ವಾ? ಎಟ್ಟ್ ತಿಂದತ್ ಅಂದೆ.”

“ಏನೆಂದಿರಿ?”

“ಎಟ್ಟ್. ಎಂಟಕ್ಕೆ ನಮ್ಮಲ್ಲಿ ಎಟ್ಟ್ ಅಲ್ವಾ?”

ಪೂವಯ್ಯನವರು ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಅಲ್ಲಿ ಗೋವಿಂದನ್, ಇಲ್ಲಿ ಇವರು, ಇಬ್ಬರೂ ನನ್ನ ಬಳಿ ಮರ್ಯಾದೆಯಿಂದ ಕನ್ನಡದಲ್ಲಿ ‘ಎಂಟು’ ಎನ್ನುತ್ತಿದ್ದರು. ಆದರೆ ಫೋನಿನಲ್ಲಿ? “ಗೋವಿಂದನ್‌ಗೆ ನೀವು ಏನಂತ ಹೇಳಿದಿರಿ?” ಎಂದು ಕೇಳಿದೆ.

“ಎಟ್ಟ್ ಅಂತ. ಅವನ ಮಲಯಾಳದಲ್ಲೂ ಅದೇ ಮಾತಲ್ವಾ? ಅವನ ಹತ್ರ ಯಾಕೆ ಕನ್ನಡ?”

ಗೋವಿಂದನ್‌ಗೂ ಅದು ಸ್ವಂತ ಮಾತೇ. ಕೇಳಿದ್ದನ್ನು ಕೇಳಿದ ಹಾಗೇ ಕೆಳಕ್ಕೆ ಕೂಗಿದ್ದ: ಎಟ್ಟಡಿ! ಕುಶಾಲನಗರದಲ್ಲಿ ಅದನ್ನು ಕೇಳಿದವನು ಹಾಸನದ ಕಡೆಯವನು, ಹತ್ತನ್ನು ಹುಟ್ಟಿದಂದಿನಿಂದ ‘ಅತ್ತು’ ಎಂದವನು. ಕರಕರ ಎನ್ನುವ ತಂತಿಯಲ್ಲಿ ಎಟ್ಟಡಿ ಅವನ ಕಿವಿಗೆ ಅತ್ತಡಿಯಾಯಿತು. ಎರಡನೇ ಸಲ ಕೇಳಿದಾಗಲೂ ಗೋವಿಂದನ್ ಎಟ್ಟಡಿ ಎಂದೇ ಕೂಗಿದ್ದ, ಜವರೇಗೌಡ ಅತ್ತಡಿ ಎಂದೇ ಕೇಳಿಸಿಕೊಂಡಿದ್ದ. ಮೂವರಲ್ಲಿ ಒಬ್ಬನೂ ಸುಳ್ಳು ಹೇಳಿರಲಿಲ್ಲ. ನನಗೆ ಎದ್ದು ಕುಣಿಯಬೇಕೆನಿಸಿತು. ಎಂಟು ಕಡಂಬುಟ್ಟು ಹೊಟ್ಟೆಯಲ್ಲಿದ್ದುದರಿಂದ ಕುಳಿತೇ ಇದ್ದೆ.

ಪೂವಯ್ಯನವರು ಕೈ ತೊಳೆದು ಬಂದು ಹಣೆ ಹಣೆ ಚಚ್ಚಿಕೊಂಡರು. “ಸೈನ್ಯದಲ್ಲಿ ಇಂಗ್ಲಿಷಿನ ಎ ಅಕ್ಷರಕ್ಕೆ ಬರೀ ಎ ಅಂತಿರಲಿಲ್ಲ, ಏಬಲ್ ಅಂತಿದ್ವಿ. ಬಿ ಅಂದ್ರೆ ಬೇಕರ್. ತಪ್ಪು ಕೇಳಬಾರದು ಅಂತ. ಅಷ್ಟು ಗೊತ್ತಿದ್ದೂ ಮನೆಗೆ ಬಂದು ಮರೆತೆನಲ್ಲ!”

ಹಾಗಾದರೆ ಅಡಿಗಳಿಗೂ ಹೆಸರಿಡೋಣವೆಂದೆ. ಎಲ್ಲ ಭಾಷೆಯವರಿಗೂ ಒಂದೇ ಆಗಿ ಗೊತ್ತಿರುವ ಮಾತುಗಳು ಬೇಕು. ಅಂಥವು ಈ ಸೀಮೆಯಲ್ಲಿರುವುದು ಎಸ್ಟೇಟಿನ ಮಾತುಗಳೇ. ಅರ್ಧ ಗಂಟೆಯಲ್ಲಿ ಪಟ್ಟಿ ತಯಾರಾಯಿತು. ಆರು ಅಡಿಗೆ ಗೇಟು, ಏಳಕ್ಕೆ ಆಳುಗಳ ಮನೆಸಾಲಾದ ಲೈನು, ಎಂಟಕ್ಕೆ ರೈಟರ್, ಒಂಬತ್ತಕ್ಕೆ ಮ್ಯಾನೇಜರ್, ಹತ್ತಕ್ಕೆ ದೊರೆ. ದೊರೆ ಬಂದರೆ ಎಸ್ಟೇಟಿನಲ್ಲಿ ಕುಳಿತವರೆಲ್ಲ ಏಳಲೇಬೇಕು. “ಹನ್ನೊಂದಾದರೆ?” ಎಂದು ನಾನು ತಲೆ ಕೆರೆದುಕೊಂಡೆ. “ದೊರೆಗಿಂತ ದೊಡ್ಡವರು ದೊರೆಸಾನಿ, ಮತ್ಯಾರು?” ಎಂದು ಮುತ್ತವ್ವ ಎಲೆ ಎತ್ತುತ್ತ ಹೇಳಿದರು. ಪೂವಯ್ಯನವರು ಕೂಡಲೇ ಬರೆದುಕೊಂಡರು.

ಆ ಮಧ್ಯಾಹ್ನವೇ ಪೋಸ್ಟಾಫೀಸಿನ ಫೋನಿನಿಂದ ಗೋವಿಂದನ್‌ಗೆ ಎಲ್ಲ ವಿವರಿಸಿದೆವು. “ನನ್ನನ್ನು ಎಂಟಕ್ಕೇ ಹಾಕಿದ್ರಾ ಸಾರ್? ಒಂಬತ್ತಕ್ಕೆ ಪ್ರಮೋಷನ್ ಇಲ್ವಾ?” ಎಂದು ನಕ್ಕ. ಕುಶಾಲನಗರಕ್ಕೆ ಪಟ್ಟಿಯನ್ನೂ ಎಟ್ಟು–ಅತ್ತಿನ ಕಥೆಯನ್ನೂ ಅವನೇ ಮುಟ್ಟಿಸಿದ. ಜವರೇಗೌಡ “ಆಯ್ತು” ಎಂದಷ್ಟೇ ಹೇಳಿ ಫೋನಿಟ್ಟನಂತೆ. ನನಗೆ ಆ ‘ಆಯ್ತು’ ಹಿಡಿಸಲಿಲ್ಲ.

ಮರುದಿನ ವಾಪಸು ಹೊರಡಬೇಕಿತ್ತು. ಬೆಳಗ್ಗೆ ಎದ್ದರೆ ರಸ್ತೆಯೇ ಇರಲಿಲ್ಲ, ಗದ್ದೆಯೆಲ್ಲ ಕೆರೆಯಾಗಿತ್ತು. ಕಕ್ಕಡ ತಿಂಗಳ ಮಳೆ ಎಂದು ಇಲ್ಲಿನವರು ಗೌರವದಿಂದ ಹೇಳುವುದೇಕೆಂದು ನನಗೆ ಅವತ್ತು ತಿಳಿಯಿತು. ಏಳು ಗಂಟೆಗೆ ಲೈನು. ಎಂಟೂವರೆಗೆ ರೈಟರ್. ಪ್ರತಿ ಅಡಿಗೂ ಪೂವಯ್ಯನವರು ಗಂಬೂಟು ಹಾಕಿಕೊಂಡು ಪೋಸ್ಟಾಫೀಸಿಗೆ ಓಡುತ್ತಿದ್ದರು, ನಾನು ಕೊಡೆ ಹಿಡಿದು ಹಿಂದೆ ಓಡುತ್ತಿದ್ದೆ. ಕೊಡೆ ಯಾರ ತಲೆಯ ಮೇಲೂ ಇರಲಿಲ್ಲ. ಹತ್ತು ಗಂಟೆಗೆ ಮ್ಯಾನೇಜರ್. ಹನ್ನೊಂದಕ್ಕೆ ಕೆಂಪು ಗೆರೆ ಮುಳುಗಿತು.

“ದೊರೆ ಬಂದ್ರು!” ಎಂದು ಪೂವಯ್ಯನವರು ಫೋನಿಗೆ ಕೂಗಿದರು. “ಕೇಳ್ತಾ ಉಂಟಾ? ದೊರೆ! ತಿರುಗಿ ಹೇಳು!”

“ದೊರೆ ಬಂದ್ರು” ಎಂದು ಗೋವಿಂದನ್‌ನ ದನಿ ತಿರುಗಿ ಹೇಳಿತು. ಪೋಸ್ಟ್‌ಮಾಸ್ಟರರು ಅಭ್ಯಾಸಬಲದಿಂದ ಎದ್ದು ನಿಂತರು.

ಮುಕ್ಕಾಲು ಗಂಟೆಯಲ್ಲಿ ದೊರೆಸಾನಿಯೂ ಬಂದರು. ಆ ಸುದ್ದಿ ಅತ್ತ ಮುಟ್ಟಿತು ಎನ್ನುವಾಗಲೇ ಫೋನು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಆಮೇಲೆ ಎಷ್ಟು ತಿರುಗಿಸಿದರೂ ಉಸಿರಿಲ್ಲ. ಕುಶಾಲನಗರದವರು ದಿಬ್ಬ ಹತ್ತಿದರೋ, ಸಣ್ಣಮ್ಮ ಹೇಳಿದ ಹಾಗೆ ಕದಲದೆ ಕುಳಿತರೋ ತಿಳಿಯುವ ದಾರಿಯೇ ಉಳಿಯಲಿಲ್ಲ.

ಎರಡು ದಿನ ಹಾಗೆ ಕಳೆಯಿತು. ಕೇಳುವವರಿಲ್ಲದಿದ್ದರೂ ಪೂವಯ್ಯನವರು ಗಂಟೆಗೊಮ್ಮೆ ಹೋಗಿ ಅಳತೆ ನೋಡಿ ಬರೆಯುತ್ತಿದ್ದರು. ಪ್ರತಿಸಲ ಬಂದು ಬೂಟು ಕಳಚುವಾಗ, “ಹೋಗಿರ್ತಾರಾ?” ಎಂದು ಕೇಳುವರು. “ಹೋಗಿರ್ತಾರೆ” ಎಂದು ನಾನು ಹೇಳುವೆ. ಮುತ್ತವ್ವ ಮತ್ತೆ ಕಡಂಬುಟ್ಟು ಮಾಡಿದರು. ನಾನು ಎರಡು ತಿಂದು ಎದ್ದೆ. ಬೇಜಾರಿಗೆ ತಿನ್ನಬಲ್ಲೆ, ಭಯಕ್ಕೆ ತಿನ್ನಲಾರೆನೆಂದು ಅಂದೇ ಗೊತ್ತಾದದ್ದು.

ಮೂರನೆಯ ದಿನ ನೀರು ಇಳಿಯಿತು. ಹೊರಡುವಾಗ ಪೂವಯ್ಯನವರು ಮೇಣಬಟ್ಟೆಯ ಪುಸ್ತಕ ಹಿಡಿದು ಬಸ್ಸಿನವರೆಗೆ ಬಂದರು. “ಇದು ನಿಮ್ಮ ಹತ್ತಿರವೇ ಇರಲಿ” ಎಂದೆ. ಅವರು ಮೀಸೆ ಸವರಿದರು, ಕಣ್ಣು ಬೇರೆ ಕಡೆ ನೋಡಿತು. “ಕೆಳಗೆ ಹೇಗುಂಟು ಅಂತ ಒಂದು ಕಾರ್ಡು ಹಾಕಿ” ಎಂದಷ್ಟೇ ಹೇಳಿದರು. ಮಡಿಕೇರಿಗೆ ಹದಿಮೂರು ಮೈಲಿ, ಅಲ್ಲಿಂದ ಕುಶಾಲನಗರಕ್ಕೆ ಇನ್ನೊಂದು ಬಸ್ಸು. ಆ ದಾರಿಯ ನೋಟ ಚೆನ್ನಾಗಿದೆಯೆಂದು ಹೇಳುತ್ತಾರೆ. ನಾನು ನೋಡಲಿಲ್ಲ.

ಹೊಳೆದಡದಲ್ಲಿ ಮನೆಗಳ ಸಾಲು ಇರಲಿಲ್ಲ. ಕೆಸರು, ನಡುವೆ ಅಲ್ಲೊಂದು ಇಲ್ಲೊಂದು ಮೊಳಕಾಲೆತ್ತರದ ಗೋಡೆ. ಕೆಸರಿಗೇ ಇಳಿದೆ. ಆಗ ಮೇಲಿನಿಂದ ನಾಯಿ ಬೊಗಳಿದ್ದು ಕೇಳಿಸಿ ತಲೆ ಎತ್ತಿದೆ. ದಿಬ್ಬದ ಮೇಲೆ ತೆಂಗಿನಗರಿಯ ಮಾಡುಗಳು, ಒಲೆಯ ಹೊಗೆ, ಹಗ್ಗಕ್ಕೆ ಕಟ್ಟಿದ ದನಗಳು, ಜನ. ಜವರೇಗೌಡ ಇಳಿದು ಬಂದು, “ಎಲ್ರೂ ಇದೀವಿ ಸ್ವಾಮಿ. ಒಂದ್ ಕರೂನೂ ಓಗಿಲ್ಲ” ಎಂದ. ನಾನು ಅವನ ಎರಡೂ ಕೈ ಹಿಡಿದುಕೊಂಡೆ. ಅಳು ಬಂತು, ಅತ್ತೆ. ಮಳೆ ನಿಂತಿದ್ದರಿಂದ ನೆಪವೂ ಇರಲಿಲ್ಲ.

ಹೇಗೆ ಒಪ್ಪಿಸಿದೆಯೆಂದು ಕೇಳಿದರೆ ಅವನು ಹೆಂಡತಿಯ ಕಡೆ ಕೈ ತೋರಿಸಿದ. ಸಣ್ಣಮ್ಮ ಹೇಳಿದಳು. ಗೋವಿಂದನ್ ಫೋನು ಮಾಡಿದ ಸಂಜೆ ಅವನು ಊಟ ಮಾಡಲಿಲ್ಲವಂತೆ. ಬೆಳಗ್ಗೆ ಎದ್ದವನೇ ಮೂವತ್ತು ಮನೆಗಳ ಬಾಗಿಲಿಗೂ ಹೋಗಿ, “ಓದ್ಸಲ ಮೇಲಿನೋರು ಎಂಟು ಅಂದಿದ್ರಂತೆ. ನನ್ ಕಿವಿ ಅತ್ತು ಅಂತ ಕೇಳುಸ್ಕೊಂತು. ಬಯ್ಯೋದಾದ್ರೆ ನನ್ನ ಬಯ್ರಿ, ಅವರ ಮಾತು ಮಾತ್ರ ನಂಬ್ರಿ” ಎಂದನಂತೆ. ಬಯ್ದವರೂ ಇದ್ದರು. ಅದೇ ದಿನ ಮಧ್ಯಾಹ್ನಕ್ಕೆ ಮೊದಲೇ ದೊರೆ ಬಂದ ಸುದ್ದಿ ಬಂದಾಗ, ಮೊದಲು ಮಡಕೆ ತಲೆ ಮೇಲಿಟ್ಟುಕೊಂಡು ಹೊರಟವಳು ಸಣ್ಣಮ್ಮನೇ.

“ಆ ಕಾಲಂನಾಗೆ ನನ್ ಎಸ್ರು ಬರ್ಕೊಳಿ ಸ್ವಾಮಿ, ತಪ್ಪು ನಂದೇ” ಎಂದ ಜವರೇಗೌಡ. ಫೈಲು ತೆಗೆದು ಅವನ ಎದುರಿಗೇ ಬರೆದೆ. ತಪ್ಪಿತಸ್ಥನ ಹೆಸರು: ಎಂಟು. ದೊಡ್ಡ ಸಾಹೇಬರು ಏನೆನ್ನುವರೋ ಅನ್ನಲಿ, ಮುಂದಿನ ಹಾಳೆಯಲ್ಲಿ ಎಲ್ಲ ವಿವರಿಸಿದ್ದೇನೆ.

ಮೈಸೂರು ಬಸ್ಸಿಗೆ ನನ್ನನ್ನು ಹತ್ತಿಸಲು ಗಂಡ ಹೆಂಡತಿ ಇಬ್ಬರೂ ಬಂದರು. ಎದುರಿಗೆ ಮಡಿಕೇರಿ ಬಸ್ಸು ನಿಂತಿತ್ತು. ಸಣ್ಣಮ್ಮ ಸೆರಗಿನೊಳಗಿನಿಂದ ಒಂದು ಬಟ್ಟೆಗಂಟು ತೆಗೆದು ಅದರ ಕಂಡಕ್ಟರನ ಕೈಗಿಟ್ಟಳು. ದಿಬ್ಬಕ್ಕೆ ಹೊತ್ತು ಉಳಿಸಿಕೊಂಡ ಹಿಟ್ಟು ಬೆಲ್ಲದಲ್ಲಿ ಮಾಡಿದ ತಂಬಿಟ್ಟು, ನಾಪೋಕ್ಲಿನ ಪೂವಯ್ಯನವರಿಗೆ ಮುಟ್ಟಿಸಬೇಕೆಂದಳು. ಅವಳು ಪೂವಯ್ಯನವರನ್ನು ಒಂದು ಸಲವೂ ನೋಡಿದವಳಲ್ಲ.

“ಎಷ್ಟವೆ? ಆಮೇಲೆ ನಾನು ತಿಂದೆ ಅನ್ಬಾರ್ದು” ಎಂದ ಕಂಡಕ್ಟರ್.

“ಎಟ್ಟ್” ಎಂದಳು ಸಣ್ಣಮ್ಮ.

ಎರಡು ಬಸ್ಸುಗಳೂ ಒಟ್ಟಿಗೇ ಹೊರಟವು. ಎಂಜಿನ್ನುಗಳ ಸದ್ದಿನಲ್ಲಿ ಕಂಡಕ್ಟರ್ ಕಿಟಕಿಯಿಂದ ತಲೆ ಹಾಕಿ, “ಅತ್ತಾ?” ಎಂದು ಕೂಗಿದ. ನಾನು ತಿರುಗಿ ನೋಡಿದೆ. ಸಣ್ಣಮ್ಮ ರಸ್ತೆಯ ನಡುವೆ ನಿಂತು, ಎರಡೂ ಕೈ ಮೇಲೆತ್ತಿ, ಎಂಟು ಬೆರಳು ಅಗಲಿಸಿ ತೋರಿಸುತ್ತ, ಹೊಳೆಗೆ ಕೇಳುವ ಹಾಗೆ ಕೂಗುತ್ತಿದ್ದಳು: “ಎಟ್ಟ್! ಎಟ್ಟ್!”